ಕಾಕ ಒಯ್ದು ಕೊಟ್ಟ ಸಾಸಿವೆ ಎಣ್ಣೆಯ ಡಬ್ಬ

ಕಳೆದ ವಾರ ಮೂಡುಬಿದಿರೆಯ ನಮ್ಮ ಕೆಳಗಿನ ಮನೆಗೆ ಬಂಗಾಳದ ಒಂದು ಸಂಸಾರ ಬಾಡಿಗೆಗೆ ಬಂತು. ಮಧ್ಯಾಹ್ನ ಅವರು ಮೀನು ಕಾಯಿಸುವಾಗ ಸಾಸಿವೆ ಎಣ್ಣೆಯ ಘಾಟು ಮೆಟ್ಟಿಲು ಹತ್ತಿ ಬಂದು ಮೂಗಿಗೆ ಬಡಿಯಿತು. ಹೆಂಡತಿ ಕಿಟಕಿ ಮುಚ್ಚಿದಳು. ನನಗೆ ತೋಡಾರಿನ ಕಾಕ ನೆನಪಾದರು...

ನಾನು ಆಗ ಆ ಕಡೆಯ ಶಾಲೆಯೊಂದರಲ್ಲಿ ಮಾಸ್ಟ್ರು. ರಸ್ತೆ ಬದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಆ ಬ್ಯಾರಿ ಮುಸ್ಲಿಮರು ಊರಿಗೆಲ್ಲ ಕಾಕ. ಕೆಂಪುಕಲ್ಲು ಕಡಿಯುವ ಕೋರೆಗೆ ಬಂಗಾಳದ ಕೆಲಸದವರು ಬಂದ ಮೇಲೆ, ಅವರಿಗೆಂದೇ ಕಾಕ ಪೇಟೆಯಿಂದ ಸಾಸಿವೆ ಎಣ್ಣೆ ತರಿಸತೊಡಗಿದರು. ಆ ಕೆಲಸದವರು ಅದರಲ್ಲಿ ಮೀನು ಕಾಯಿಸುತ್ತಿದ್ದರು, ಮಕ್ಕಳ ಮೈಗೆ ತಿಕ್ಕುತ್ತಿದ್ದರು, ಬೇಯಿಸಿದ ಬಟಾಟೆಗೆ ಹಸಿಯಾಗಿಯೇ ಹಾಕಿ ಕಲಸುತ್ತಿದ್ದರು. ತೆಂಗಿನೆಣ್ಣೆಯವರಾದ ನಾವು ಮೂಗು ಮುಚ್ಚಿಕೊಂಡು ನಗುತ್ತಿದ್ದೆವು.

"ನಗಬೇಡಿ ಮಾಸ್ಟ್ರೆ. ಸೌದಿಯ ದಮ್ಮಾಮಿನಲ್ಲಿ ಹನ್ನೊಂದು ವರ್ಷ ನಾನೂ ತೆಂಗಿನೆಣ್ಣೆಯ ಪರಿಮಳಕ್ಕೆ ಆಸೆಪಟ್ಟವನೇ. ಊರಿನ ಎಣ್ಣೆ ಇಲ್ಲದಿದ್ರೆ ಊಟ ಇಳಿಯುವುದಿಲ್ಲ," ಎಂದಿದ್ದರು ಕಾಕ.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಕೋರೆಯ ಶೆಡ್ಡಿನಲ್ಲಿ ಒಬ್ಬೊಬ್ಬರ ಕಾಲೂ ಊದತೊಡಗಿತು. ಮೊದಲು ಬಾವು, ಆಮೇಲೆ ಏದುಸಿರು. ಎರಡು ಮಕ್ಕಳ ತಾಯಿಯೊಬ್ಬಳು ಆಸ್ಪತ್ರೆಯ ದಾರಿಯಲ್ಲೇ ತೀರಿಹೋದಳು. ಉಳಿದವರನ್ನು ಪರೀಕ್ಷಿಸಿದ ಡಾಕ್ಟರು ಎಣ್ಣೆಯ ಮೇಲೆ ಸಂಶಯಪಟ್ಟರು.

ಸುದ್ದಿ ಕೇಳಿ ಅಂಗಡಿಗೆ ಓಡಿದೆ. ಕಾಕ ಅರ್ಧ ಖಾಲಿಯಾದ ಡಬ್ಬದ ಮುಂದೆ ಕೂತಿದ್ದರು.

"ಚೆಲ್ಲಿಬಿಡಿ ಕಾಕ, ಆಹಾರ ಇಲಾಖೆಯವರು ಬರುವ ಮೊದಲು," ಎಂದೆ.

"ಇದೇ ಎಣ್ಣೆ ಬೇರೆ ಅಂಗಡಿಗಳಿಗೂ ಹೋಗಿರ್ತದೆ. ಚೆಲ್ಲಿದ್ರೆ ಅದು ಯಾರಿಗೆ ಗೊತ್ತಾಗ್ತದೆ? ಆ ಹೆಂಗಸಿಗೆ ಈ ಕೈಯಲ್ಲೇ ಅಳೆದು ಕೊಟ್ಟದ್ದು ಮಾಸ್ಟ್ರೆ..." ಅವರು ಡಬ್ಬದ ಮುಚ್ಚಳ ಬಿಗಿದರು. "ಬನ್ನಿ, ನೀವೂ ಜೊತೆಗೆ ಬನ್ನಿ."

ಡಬ್ಬವನ್ನು ರಿಕ್ಷಾದಲ್ಲಿಟ್ಟು ಒಯ್ದು, ನನ್ನೆದುರಿಗೇ ಅಧಿಕಾರಿಯ ಮೇಜಿನ ಮೇಲಿಟ್ಟರು. ಯಾವುದೋ ಕಾಡುಗಿಡದ ವಿಷಬೀಜದ ಎಣ್ಣೆ ಬೆರೆತಿದೆ ಎಂದು ವರದಿ ಬಂತು. ಬೆಳ್ತಂಗಡಿ ಕಡೆಯ ಎರಡು ಅಂಗಡಿಗಳಲ್ಲೂ ಅದೇ ಎಣ್ಣೆ ಸಿಕ್ಕಿತು. ಅಲ್ಲಿ ಯಾರೂ ಸಾಯಲಿಲ್ಲ. ಆದರೆ ಸಗಟು ವ್ಯಾಪಾರಿ ಆ ಎಣ್ಣೆ ತನ್ನದಲ್ಲ, ಅಲ್ಲಿಗೂ ಕಾಕನೇ ಮಾರಿದ್ದೆಂದ. ಕಾಕನ ಬಳಿ ಬಿಲ್ಲು ಇರಲಿಲ್ಲ. ಬೆರೆಸಿದವರು ಅವರೇ ಎಂದು ಕೇಸಾಯಿತು. ಅಂಗಡಿಯಲ್ಲಿ ಅಡಗಿಸಿಟ್ಟಿದ್ದ ಡಬ್ಬ ಸಿಕ್ಕಿತೆಂದು ಇಲಾಖೆಯವರು ಕಾಗದದಲ್ಲಿ ಬರೆದುಕೊಂಡಿದ್ದರು.

"ನಾನೇ ಒಯ್ದು ಕೊಟ್ಟದ್ದು ಅಂತ ನೀವೊಬ್ರು ಹೇಳಿದ್ರೆ ಸಾಕು," ಎಂದರು ಕಾಕ.

"ಹೇಳ್ತೇನೆ," ಎಂದೆ.

ಹೇಳಲಿಲ್ಲ. ಕಟಕಟೆ ಹತ್ತಿದರೆ, ಚೆಲ್ಲಿಬಿಡಿ ಎಂದ ನನ್ನ ಮಾತೂ ಹೊರಬರುತ್ತದೆ, ಸರಕಾರಿ ಕೆಲಸಕ್ಕೆ ಕುತ್ತು ಬರುತ್ತದೆ ಎಂಬ ಭಯ. ವಿಚಾರಣೆಯ ದಿನ ಜ್ವರವೆಂದು ಹೇಳಿಕಳಿಸಿ, ಪೊಳಲಿಯ ಅಕ್ಕನ ಮನೆಗೆ ಹೋಗಿ ಕೂತೆ.

ವಾರ ಕಳೆದು ಬಸ್ ಸ್ಟ್ಯಾಂಡಿನಲ್ಲಿ ಕಾಕ ಎದುರಾದರು. ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು, ಮನುಷ್ಯ ಅರ್ಧವಾಗಿದ್ದರು.

"ಜ್ವರ ಹೇಗುಂಟು ಮಾಸ್ಟ್ರೆ?" ಎಂದು ಕೇಳಿದರು. ಅಷ್ಟೇ. ಅದರಲ್ಲಿ ಕುಹಕವಿತ್ತೇ ಎಂದು ಅವರ ಮುಖದಲ್ಲಿ ಹುಡುಕಿದೆ. ಇರಲಿಲ್ಲ...

ತೀರ್ಪು ಬರುವ ಮೊದಲೇ ಅವರು ತೀರಿಕೊಂಡರು. ಮಯ್ಯತ್ತಿಗೆ, ಕೊನೆಯ ಸಲ ಮುಖ ನೋಡಲು, ಹೋಗುವ ಧೈರ್ಯವೂ ನನಗಾಗಲಿಲ್ಲ.

ಊರಿನವರ ಬಾಯಲ್ಲಿ ಅವರು ಇವತ್ತಿಗೂ ಎಣ್ಣೆಗೆ ವಿಷ ಬೆರೆಸಿದ ಕಾಕ. ನನಗೆ ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ಪಿಂಚಣಿ ಸರಿಯಾಗಿ ಬರುತ್ತಿದೆ. ಆ ದಿನ ಜ್ವರವಿರಲಿಲ್ಲವೆಂದು ಹೆಂಡತಿಗೂ ಹೇಳಿಲ್ಲ. ಹೇಳಬೇಕಾಗಿದ್ದದ್ದು ಒಬ್ಬರಿಗೆ. ಅವರಿಲ್ಲ.