ಹಮಾಲ ಲಾಡ್ಲೇಸಾಬ ಮಷಿನ್ ಹತ್ತಿದ್ದು

ಯಾದಗಿರಿ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಚೀಲ ಹೊರುವ ಹಮಾಲ ಲಾಡ್ಲೇಸಾಬನಿಗೆ ತನ್ನ ಗುಂಡಿಗೆ ಸೋಮಾರಿ ಎಂದು ಗೊತ್ತಾದದ್ದು ಐವತ್ನಾಲ್ಕನೆಯ ವಯಸ್ಸಿನಲ್ಲಿ. ಗಂಜಿನಲ್ಲಿ ನಡೆದ ತಪಾಸಣೆ ಶಿಬಿರದಲ್ಲಿ ನಾಡಿ ಹಿಡಿದವರು, ನಿಮಿಷಕ್ಕೆ ನಲವತ್ತಾರೇ ಬಡಿತ ಎಂದು ಮುಖ ಸಣ್ಣದು ಮಾಡಿದರು. ಆಸ್ಪತ್ರೆಗೆ ಹೋಗಿ ಟ್ರೆಡ್‌ಮಿಲ್ ಎಂಬ ನಡೆಯುವ ಮಷಿನ್ ಹತ್ತಿ ಬಾ ಎಂದರು. ಹಮಾಲರ ಸಂಘದ ಮುಖಂಡ ಜಗದೇವಪ್ಪ ಅಲ್ಲೇ ಹುಕುಂ ಮಾಡಿಬಿಟ್ಟ.

"ರಿಪೋರ್ಟ್ ಬರೋತನಕ ಚೀಲ ಮುಟ್ಟಬ್ಯಾಡ. ಖರಾಬ್ ಬಂತಂದ್ರ ಇನ್ಮ್ಯಾಲ ಗೇಟ್ ಕಾಯ್ಕೊಂತ ಕುಂದ್ರು."

ಗೇಟ್ ಕಾಯುವುದಂತೆ! ತೊಗರಿ ಚೀಲ ಬೆನ್ನಿಗೇರಿಸಿ, ಹಲಗೆಯ ಮೇಲೆ ಗುನುಗುತ್ತ ಲಾರಿ ಹತ್ತುವ ಮನುಷ್ಯನಿಗೆ ಕುರ್ಚಿ ಕೊಡುವುದೆಂದರೆ ಅದಕ್ಕಿಂತ ಅವಮಾನ ಉಂಟೆ? ಮೂರು ದಿನ ಮನೆಯಲ್ಲಿ ಕುಳಿತದ್ದಕ್ಕೇ ಅವನು ಹೆಂಡತಿ ರಾಬಿಯಾಳ ತಲೆ ತಿಂದು ಮುಗಿಸಿದ. ಕೈ ತಡೆಯಲಾರದೆ ಒಮ್ಮೆ ತುಂಬಿದ ನೀರಿನ ಡ್ರಮ್ಮನ್ನೇ ಎತ್ತಿ ಇನ್ನೊಂದು ಮೂಲೆಗೆ ಇಟ್ಟ.

ನಾಲ್ಕನೆಯ ದಿನ ಶಹಾಪುರದ ಆಸ್ಪತ್ರೆಯಲ್ಲಿ, ಮಗಳ ವಯಸ್ಸಿನ ಡಾಕ್ಟರ್ ದಾನೇಶ್ವರಿ ಅವನ ಎದೆಗೆ ವೈರುಗಳನ್ನು ಅಂಟಿಸಿದರು. ರಾಬಿಯಾ ಬಾಗಿಲ ಪಕ್ಕದ ಬೆಂಚಿನ ಮೇಲೆ ದುಆ ಓದುತ್ತ ಕುಳಿತಳು.

"ಚಾಚಾ, ದಣಿವಾದ್ರ, ಎದಿ ನೋವಾದ್ರ ಹೇಳ್ರಿ. ನಿಲ್ಲಸ್ತೀನಿ."

ಹಮಾಲನಿಗೆ ಹೇಳುವ ಮಾತೇ ಇದು? ಗಂಜಿನ ರಿವಾಜು ಆ ಮಗುವಿಗೆ ಎಲ್ಲಿಂದ ಗೊತ್ತಾಗಬೇಕು! ಬೆನ್ನಿಗೇರಿದ ಚೀಲವನ್ನು ಲಾರಿ ಮುಟ್ಟುವ ಮೊದಲೇ ಇಳಿಸಿದವನು ಇಡೀ ಟೋಳಿಗೆ ಚಹಾ ಕುಡಿಸಬೇಕು, ವರ್ಷಗಟ್ಟಲೆ ಅವರ ಚೇಷ್ಟೆ ಕೇಳಬೇಕು. ಮೂವತ್ತು ವರ್ಷದಲ್ಲಿ ಲಾಡ್ಲೇಸಾಬ ಒಂದು ಸಲವೂ ಹಾಗೆ ಚಹಾ ಕುಡಿಸಿದವನಲ್ಲ.

ಮಷಿನ್ ಹತ್ತಿದ್ದೇ ಕಾಲಡಿಯ ಪಟ್ಟಿ ಓಡತೊಡಗಿತು. ಅವನು ಬೆನ್ನು ಬಾಗಿಸಿ, ಎರಡೂ ಕೈ ಹಿಂದಕ್ಕೆ ಚಾಚಿ, ಇಲ್ಲದ ಚೀಲವನ್ನು ಬಿಗಿಹಿಡಿದು ಗಿಡ್ಡ ಹೆಜ್ಜೆ ಹಾಕಿದ.

"ನೆಟ್ಟಗ ನಿಲ್ರಿ ಚಾಚಾ! ಕಂಬಿ ಹಿಡೀರಿ!"

"ಬೆನ್ನು ಖಾಲಿ ಅದ ಮೇಡಂ, ಸರಿಯಾಗಿ ನಡಿಯಾಕ ಬರವಲ್ದು."

ಮಷಿನಿನ ಮೂತಿ ಮೇಲಕ್ಕೆದ್ದಿತು, ವೇಗ ಏರಿತು. ಬಡಿತ ತೊಂಬತ್ತಾಯಿತು, ನೂರಿಪ್ಪತ್ತಾಯಿತು. ಏರು ಕಂಡದ್ದೇ ಲಾಡ್ಲೇಸಾಬನಿಗೆ ಹುಕಿ ಬಂತು.

"ದಣಿವಾತೇನ್ರಿ?"

"ಇಲ್ರಿ. ಲಾರಿ ಎಲ್ಲಿ ನಿಂತದ, ಅಷ್ಟ್ ಹೇಳ್ರಿ!"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನೂರಾ ಐವತ್ತು ದಾಟಿತು. ಈಗ ಗುಂಡಿಗೆ ಕಿವಿಯಲ್ಲೇ ಬಡಿಯುತ್ತಿತ್ತು. ಇದೇನಾದರೂ ಕೈಕೊಟ್ಟರೆ ಗೇಟೇ ಗತಿ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ. ನೂರಾ ಅರವತ್ತಕ್ಕೆ ಡಾಕ್ಟರೇ ಗುಂಡಿ ಒತ್ತಿದರು.

"ಸಾಕ್ ಚಾಚಾ! ಆತು!"

ಅವನನ್ನು ಕೂರಿಸಿ ಅವರು ಪರದೆಯನ್ನೇ ನೋಡತೊಡಗಿದರು. ಒಂದು ನಿಮಿಷ ಕಳೆಯುವಷ್ಟರಲ್ಲಿ ಬಡಿತ ನೂರಾ ಹದಿನೈದಕ್ಕೆ ಇಳಿಯಿತು. ಎರಡು ನಿಮಿಷಕ್ಕೆ ತೊಂಬತ್ತಕ್ಕೆ.

"ಹೊರೋವಾಗ ಎಲ್ಲಾರ ಗುಂಡಿಗಿನೂ ಓಡ್ತದ ಚಾಚಾ. ಇಳಿಸಿದ ಮ್ಯಾಲ ಎಷ್ಟ್ ಜಲ್ದಿ ತಣ್ಣಗಾಗ್ತದ, ಅದನ್ನೂ ನೋಡಬೇಕು. ನಿಮ್ದು ಸೋಮಾರಿ ಅಲ್ರಿ, ದುಡುದು ದುಡುದು ಗಟ್ಟಿ ಆಗ್ಯಾದ. ಒಂದೊಂದ್ ಬಡಿತಕ್ಕ ಹೆಚ್ಚಿಗಿ ರಕ್ತ ನೂಕ್ತದ. ಅದಕ್ಕ ಸುಮ್ನ ಕುಂತಾಗ ಕಮ್ಮಿ ಬಡಿತದ. ಹೋಗ್ರಿ, ಚೀಲ ಹೊರ್ರಿ."

ಲಾಡ್ಲೇಸಾಬನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಿಯ ಗುಂಡಿ ತಪ್ಪುತಪ್ಪಾಗಿ ಹಾಕಿಕೊಂಡು ಬಾಗಿಲಿಗೆ ಓಡಿ, ದೊಡ್ಡ ಡಾಕ್ಟರನ ಗತ್ತಿನಲ್ಲಿ ರಾಬಿಯಾಳ ಮಣಿಕಟ್ಟು ಹಿಡಿದ. ನಾಡಿ ಎಣಿಕೆಗೇ ಸಿಗದಂತೆ ಓಡುತ್ತಿತ್ತು.

"ಅರೇ! ಕುಂತಲ್ಲೇ ಕುಂತೀದಿ, ಇದ್ಯಾಕ ಹಿಂಗ ಓಡಾಕತ್ತದ? ನೀ ಏನ್ ಹೊತ್ತೀದಿ?"

ರಾಬಿಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ಮನ್ನ ಹೊತ್ತೀನ್ರಿ. ಇನ್ನಾ ಇಳಿಸಿಲ್ಲ."