ಬಲಗಾಲಿನ ಚಪ್ಪಲಿಗಳು

ಇವತ್ತು ಬೆಳಿಗ್ಗೆ ಅಂಗಡಿಯ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿದೆ. ಬಾಯಿ ಬಿಚ್ಚಿದ ಕೂಡಲೇ ಔಡಲ ಎಣ್ಣೆಯ ವಾಸನೆ ಬಂತು. ಒಳಗಿದ್ದವು ಚಪ್ಪಲಿಗಳು. ಎಲ್ಲವೂ ಹೊಸವು, ಎಲ್ಲವೂ ಬಲಗಾಲಿನವು. ಎಸೆಯೋಣವೆಂದೇ ಇಳಿಸಿದ್ದೆ. ವಾಸನೆ ಬಂದ ಮೇಲೆ ಕೈ ಮುಂದೆ ಹೋಗಲಿಲ್ಲ. ನಿಮಗೆ ಬಿಡುವಿದ್ದರೆ ಸ್ವಲ್ಪ ಕೂತಿರಿ, ಹೇಳುತ್ತೇನೆ.

ರಾಯಚೂರಿನ ಬಜಾರಿನಲ್ಲಿ ನನ್ನದೊಂದು ಚಪ್ಪಲಿ ಅಂಗಡಿ. ನನ್ನ ತಂದೆ, ನಾವು ಅಬ್ಬಾ ಎನ್ನುತ್ತಿದ್ದವರು, ಬರಿಗಾಲಿನಲ್ಲಿ ಹೆಸರು ಮಾಡಿದವರು. ಅಂಥವರ ಮಗ ಊರಿನ ಕಾಲುಗಳಿಗೆಲ್ಲ ತೊಗಲು ಹಾಕುತ್ತಾನೆಂದು ಜನ ನಗುತ್ತಿದ್ದರು. ನಗುವವರ ಜೊತೆ ಅಬ್ಬಾ ಕೂಡ ಸೇರುತ್ತಿದ್ದರು.

ಎರಡು ದೊಡ್ಡ ಯುದ್ಧಗಳ ನಡುವಿನ ಕಾಲದಲ್ಲಿ ಅವರು ದೇಶದ ತಂಡದಲ್ಲಿ ಫುಟ್‌ಬಾಲ್ ಆಡಿದ್ದರು. ಹುಟ್ಟಿದ್ದು ಮಾನ್ವಿಯಲ್ಲಿ, ಚಿಂದಿ ಸುತ್ತಿದ ಹತ್ತಿಯ ಉಂಡೆ ಒದೆಯುತ್ತ ಬೆಳೆದದ್ದು ಅಲ್ಲೇ. ರಾಯಚೂರಿನ ಹತ್ತಿ ಗಿರಣಿಗೆ ಸೇರಿದರು. ಗಿರಣಿಯ ತಂಡದಿಂದ ಹೈದರಾಬಾದಿಗೆ, ಅಲ್ಲಿಂದ ಕಲ್ಕತ್ತೆಗೆ, ಕಡೆಗೆ ಹಡಗು ಹತ್ತಿ ಸಮುದ್ರದಾಚೆಗೆ. ಕೃಷ್ಣಾ ಹೊಳೆಗಿಂತ ದೊಡ್ಡ ನೀರನ್ನು ಅವರು ಅದುವರೆಗೆ ಕಂಡಿರಲಿಲ್ಲ. ಎದುರಾಳಿಗಳ ಕಾಲಲ್ಲಿ ಬೂಟು, ಅಬ್ಬಾನ ಕಾಲಲ್ಲಿ ಬಟ್ಟೆಯ ಪಟ್ಟಿ. ಮಳೆ ಬಿದ್ದ ಬಯಲಿನಲ್ಲಿ ದಡೂತಿ ಆಟಗಾರನೊಬ್ಬ ಅವರ ಬಲಗಾಲನ್ನು ತುಳಿದ. ಹೆಬ್ಬೆರಳಿನ ಉಗುರು ಕಿತ್ತು ಬಂತು. ಅದೇ ಕಾಲಿನಿಂದ ಅಬ್ಬಾ ಗೋಲು ಹೊಡೆದರು. ಆಟ ಮುಗಿದಾಗ ತುಳಿದವನೇ ಬಂದು ಕೆಸರಿನಲ್ಲೇ ಮಂಡಿಯೂರಿ, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದನಂತೆ. ಆ ಉಗುರು ಮತ್ತೆ ಬೆಳೆಯಲಿಲ್ಲ. ಅಬ್ಬಾ ಮಲಗಿದ್ದಾಗ ಆ ಬೆರಳನ್ನು ನಾನು ಎಷ್ಟೋ ಸಲ ಕದ್ದು ನೋಡಿದ್ದೇನೆ.

ಊರಿಗೆ ಮರಳಿದ ಮರುದಿನವೇ ಗಿರಣಿಗೆ ಹೋದರು. ಆಟಕ್ಕೆಂದು ಯಾರಿಂದಲೂ ಏನೂ ತೆಗೆದುಕೊಂಡವರಲ್ಲ. "ಪಗಾರ ತಗೊಂಡ್ರ ಅದೂ ಗಿರಣಿನ ಆಗ್ತದ" ಎನ್ನುತ್ತಿದ್ದರು. ನಮ್ಮ ಮನೆ ಮಾತು ದಖ್ನಿ ಉರ್ದು. ಆದರೆ ಆಟದ ಸುದ್ದಿ ಬಂದರೆ ಅಬ್ಬಾ ತಾವಾಗಿಯೇ ಕನ್ನಡಕ್ಕೆ ಹೊರಳುತ್ತಿದ್ದರು. ದಿನಾ ಸಂಜೆ ಬಯಲಿನಲ್ಲಿ ಊರಿನ ಆಟಗಾರರಿಗೆ ಕಲಿಸಿ ಆದ ರೂಢಿ ಅದು. ಅವರು ಕಲಿಸುತ್ತಿದ್ದುದೂ ಬಹುಮಟ್ಟಿಗೆ ಒಂದೇ ಪಾಠ: "ಹೊಡಿಯೋ ಕಾಲು ಮಂದಿ ನೋಡ್ತಾರ. ನೀವು ನಿಂತ ಕಾಲು ನೋಡ್ರಲೇ."

ಬಯಲಿನ ಸುಣ್ಣದ ಗೆರೆ ಬಂದರೆ ಅಬ್ಬಾ ಚಪ್ಪಲಿ ಕಳಚಿಯೇ ಒಳಗೆ ಕಾಲಿಡುವರು. ಎಪ್ಪತ್ತರ ದಶಕದಲ್ಲಿ ದೇವದುರ್ಗದವರು ಒಂದು ಪಂದ್ಯಕ್ಕೆ ಅವರನ್ನು ಮುಖ್ಯ ಅತಿಥಿಯಾಗಿ ಕರೆದರು. ನಾನೂ ಜೊತೆಗೆ ಹೋಗಿದ್ದೆ. ಗೆರೆಯ ಹತ್ತಿರ ಅಬ್ಬಾ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಒಳಗೆ ನಡೆದರು. ಮುಂದಿದ್ದ ನಾಲ್ಕು ಮಂದಿ ಗಾಬರಿಯಾಗಿ ತಾವೂ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ಹಿಂದಿದ್ದವರೂ ಬಿಟ್ಟರು. ಜಾಲಹಳ್ಳಿ ಕಡೆಯ ಮುದುಕರೊಬ್ಬರು ನನ್ನನ್ನು ಮೆಲ್ಲಗೆ ಕೇಳಿದರು: "ಸಾಬ್ರ, ಇಲ್ಲಿ ಯಾವ ಶರಣರ ಗದ್ದಿಗಿ ಅದರೀ?"

ಅಷ್ಟು ಜನರ ನಡುವೆ ಜಾಲಿ ಮುಳ್ಳಿಗೆ ಹೆದರಿ ಚಪ್ಪಲಿಯಲ್ಲಿ ನಿಂತವನು ನಾನೊಬ್ಬನೇ. ಅಂಗಡಿಯ ಮರ್ಯಾದೆ ಕಾಪಾಡಿದೆನೆಂದು ಆಮೇಲೆ ಸಮಾಧಾನ ಮಾಡಿಕೊಂಡೆ.

ಎಂಬತ್ತರ ದಶಕದ ಮೊದಲಿಗೆ ಅಬ್ಬಾನಿಗೆ ಸಕ್ಕರೆ ಕಾಯಿಲೆ ಬಲಿತಿತ್ತು. ಆ ಉಗುರಿಲ್ಲದ ಬೆರಳಲ್ಲೇ ಸಣ್ಣ ಗಾಯವಾಗಿ, ಪಾದವೆಲ್ಲ ಕಪ್ಪಾಯಿತು. ಪಾದ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಅಬ್ಬಾ ಗೋಡೆಯ ಕಡೆ ತಿರುಗಿ ಮಲಗಿದರು. ಅಮ್ಮಿ ಅತ್ತಳು, ನಾನು ಕೈ ಮುಗಿದೆ. ಅವರು ಹ್ಞೂಂ ಅನ್ನಲಿಲ್ಲ. ನನಗೂ ಒಳಗೊಳಗೆ ಅಳುಕು. ಹಡಗು ಹತ್ತಿಸಿದ ಕಾಲನ್ನು ಕೊಯ್ಯಿರಿ ಎಂದು ಹೇಳಲು ನಾನು ಯಾರು?

ಸಂಜೆ ಆಸ್ಪತ್ರೆಗೆ ನಮ್ಮ ಬಯಲಿನ ಗೋಲ್‌ಕೀಪರ್ ಬಸಣ್ಣ ಬಂದ. ಮಂಚದ ಪಕ್ಕ ಕೂತು ಕೇಳಿದ: "ಚಾಚಾ, ನಿಂತ ಕಾಲು ನೋಡ್ರಿ ಅಂತಿದ್ರಿ. ನಿಮ್ಮದು ನಿಂತ ಕಾಲು ಯಾವುದರೀ, ಎಡದ್ದಲ್ಲೇನು?"

ಅಬ್ಬಾ ಅವನ ಕಡೆ ತಿರುಗಿದರು. "ನನ್ನ ಮಾತು ನನಗ ಒದಿತಿ ಏನಲೇ" ಎಂದರು. ಬೆಳಿಗ್ಗೆ ಡಾಕ್ಟರು ಬಂದಾಗ ತಾವೇ ಹೊದಿಕೆ ಸರಿಸಿದರು. "ಆಟ ಮುಗಿದ ಮ್ಯಾಲ ಪಟ್ಟಿ ಬಿಚ್ಚಬೇಕ್ರಿ. ಬಿಚ್ಚಿಬಿಡ್ರಿ."

ನಮ್ಮಲ್ಲಿ ದೇಹದಿಂದ ಬೇರೆಯಾದ ಅಂಗವನ್ನು ಬಿಸಾಡುವುದಿಲ್ಲ, ಮಣ್ಣು ಮಾಡುತ್ತೇವೆ. ಆ ಪಾದಕ್ಕೆ ಬಿಳಿ ಬಟ್ಟೆ ಸುತ್ತಿದವನು ನಾನೇ. ಅಬ್ಬಾ ಪಟ್ಟಿ ಕಟ್ಟುತ್ತಿದ್ದಂತೆ ಹಿಮ್ಮಡಿಯಿಂದ ಶುರುಮಾಡಿ ಸುತ್ತಿದೆ. ಅಷ್ಟು ಹಗುರಾಗಿರುತ್ತದೆಂದು ಎಣಿಸಿರಲಿಲ್ಲ. ಯಾರಿಗೂ ಹೇಳಿ ಕಳಿಸಿರಲಿಲ್ಲ. ಆದರೂ ಕಬರಸ್ತಾನದ ಬಾಗಿಲಲ್ಲಿ ಬಸಣ್ಣ ನಿಂತಿದ್ದ. ಅವನ ಹಿಂದೆ ಬಯಲಿನ ಆಟಗಾರರೆಲ್ಲ ನಿಂತಿದ್ದರು, ಬರಿಗಾಲಲ್ಲಿ. ಒಂದು ಪಾದಕ್ಕೆ ಅಷ್ಟು ಜನ ತಲೆ ತಗ್ಗಿಸಿ ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಸ್ಪತ್ರೆಗೆ ಮರಳಿ ಹೇಳಿದೆ. ಅಬ್ಬಾ ಕಣ್ಣು ಮುಚ್ಚಿಕೊಂಡೇ ನಕ್ಕರು. "ಮ್ಯಾಚಿಗೆ ಇಷ್ಟು ಮಂದಿ ಬರ್ತಿದ್ದಿಲ್ಲ ನೋಡು."

ಮುಂದೆ ಕೆಲವು ವರ್ಷ ಊರುಗೋಲು ಹಿಡಿದು ಅದೇ ಬಯಲಿನ ಗೆರೆಯ ಬಳಿ ನಿಂತು ಕಲಿಸಿದರು. ಅಲ್ಲಿ ಒಂದೇ ಚಪ್ಪಲಿ ಕಳಚುವುದು, ಒಂದೇ ಚಪ್ಪಲಿ ಮೆಟ್ಟುವುದು. ಎಡಗಾಲಿನದು ಸವೆದಾಗಲೆಲ್ಲ ನನ್ನ ಅಂಗಡಿಯಿಂದ ಹೊಸ ಜೋಡಿ. ಬಲಗಾಲಿನವು ಏನಾದವೆಂದು ನಾನು ಕೇಳಿರಲಿಲ್ಲ.

ಈಗ ಆ ದಶಕವೂ ಮುಗಿಯುತ್ತ ಬಂದಿದೆ; ಹೋದ ಚಳಿಗಾಲದಲ್ಲಿ ಅಬ್ಬಾ ತೀರಿಕೊಂಡರು. ಕಬರು ಎಲ್ಲಿ ಅಗೆಯಬೇಕೆಂದು ಯಾರೂ ಕೇಳಲಿಲ್ಲ. ಅವರ ಪಾದ ಮೊದಲೇ ಹೋಗಿ ಅಲ್ಲಿ ಜಾಗ ಹಿಡಿದಿತ್ತು.

ಚೀಲದ ಚಪ್ಪಲಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ತೊಗಲು ಒಣಗಿ ಬಿರಿಯಬಾರದೆಂದು ಪ್ರತಿಯೊಂದಕ್ಕೂ ಅಬ್ಬಾ ಎಣ್ಣೆ ಸವರಿಟ್ಟಿದ್ದರು. ದಿನಾ ಸಂಜೆ ತಮ್ಮ ಕಾಲಿಗೆ ತಿಕ್ಕುತ್ತಿದ್ದ ಅದೇ ಔಡಲ ಎಣ್ಣೆ. ಇಲ್ಲದ ಕಾಲಿಗೂ ಅವರು ಪಾಲು ತೆಗೆದಿಡುತ್ತಿದ್ದರು. ಚೀಲದ ಬಾಯಿ ಕಟ್ಟಿ ಮತ್ತೆ ಅಟ್ಟಕ್ಕೇರಿಸಿದೆ. ಬಲಗಾಲೊಂದೇ ಉಳಿದವರು ಯಾರಾದರೂ ಬಂದರೆ ಇರಲಿ.

ಸಂಜೆ ಅಂಗಡಿಯನ್ನು ಬೇಗ ಮುಚ್ಚಿ ಬಯಲಿಗೆ ಹೋದೆ. ಬಸಣ್ಣ ಆಟ ಆಡಿಸುತ್ತಿದ್ದ. ಗೆರೆಯ ಹತ್ತಿರ ನಿಂತು ನನ್ನ ಎರಡೂ ಚಪ್ಪಲಿ ಬಿಟ್ಟೆ. ಒಳಗೆ ಕಾಲಿಟ್ಟಾಗ ಮಣ್ಣು ಇನ್ನೂ ಬಿಸಿಯಾಗಿತ್ತು.