ಶನಿವಾರದ ಉಸಿರು

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಗಾದಿ ಹೊಲಿಯುವ ಕಾಕಾ ಹತ್ತಿ ಹಿಂಜತೊಡಗಿದರೆ ಬಿಸಿಲಿಗೇ ತುಪ್ಪಳ ಬಂದಂತೆ ಕಾಣುತ್ತಿತ್ತು. ಸಣ್ಣ ಕೋಣೆಯ ತುಂಬ ಎಳೆಗಳು ತೇಲಿ ಬಂದು ಅವರ ಹುಬ್ಬಿನ ಮೇಲೆ ಕೂರುತ್ತಿದ್ದವು. ಹಿಂಜುವ ಯಂತ್ರದ ಸದ್ದಿನೊಳಗಿಂದ ಅವರ ಗುನುಗು ಕೇಳುತ್ತಿತ್ತು.

ಶುಕ್ರವಾರ ಅಂಗಡಿಗೆ ರಜೆ. ಮರುದಿನ ಯಂತ್ರ ಮತ್ತೆ ಓಡಿದರೂ ಗುನುಗು ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಕಾ ಎದೆ ಹಿಡಿದುಕೊಂಡು, ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡು ಕಟ್ಟೆಗೆ ಬರುತ್ತಿದ್ದರು.

“ಶನಿವಾರ ನನಗ ಆಗಿಬರೂದಿಲ್ಲ ನೋಡವಾ,” ಎನ್ನುತ್ತಿದ್ದರು ನನಗೆ.

“ಮೂಗಿಗೆ ಅರಿವಿ ಕಟ್ಟಿಕೊಳ್ರಿ ಅಂದ್ರ ಶನಿವಾರಕ್ಕ ಬೈತಾರ,” ಎಂದು ಅವರ ಹೆಂಡತಿ ಒಳಗಿನಿಂದ ಚುಚ್ಚುತ್ತಿದ್ದರು.

ಒಮ್ಮೆ ಅಮ್ಮಿನಬಾವಿಯಲ್ಲಿ ಮದುವೆಯೆಂದು ಶನಿವಾರವೂ ಅಂಗಡಿ ಮುಚ್ಚಿತ್ತು. ಅಲ್ಲಿ ಕಾಕಾ ಸಂಜೆಯವರೆಗೆ ಹಾಡಿದರಂತೆ. ರವಿವಾರ ಯಂತ್ರ ಶುರುವಾಯಿತು, ಎದೆ ಬಿಗಿಯಿತು.

“ಇವತ್ತ ರವಿವಾರ ಐತ್ರಿ,” ಎಂದರು ಹೆಂಡತಿ. “ಇನ್ನ ಇದಕ್ಕೂ ಬೈತೀರೇನು?”

ಕಾಕಾ ಯಂತ್ರ ನಿಲ್ಲಿಸಿದರು. ತೇಲುವ ಎಳೆಗಳನ್ನೇ ನೋಡಿದರು. ಮರುದಿನ ದವಾಖಾನೆಗೆ ಹೋದರು. ರಜೆ ಮುಗಿಸಿ ಕೆಲಸಕ್ಕೆ ಬಂದವರ ಎದೆಯನ್ನು ಮೊದಲ ದಿನ ಹತ್ತಿಯ ಧೂಳು ಹೀಗೇ ಹಿಡಿಯುತ್ತದೆ, ಹೀಗೇ ಬಿಟ್ಟರೆ ಕಳೆದುಹೋದ ಉಸಿರು ಮರಳಿ ಬಾರದು ಎಂದರಂತೆ ಡಾಕ್ಟರು.

ಮುಂದಿನ ಶನಿವಾರ ಯಂತ್ರ ಹಿತ್ತಲಿನ ಬಯಲಿಗೆ ಬಂದಿತ್ತು. ಕಾಕಾ ಗಾಳಿಗೆ ಬೆನ್ನು ಕೊಟ್ಟು, ಮಾಸ್ಕ್ ಕಟ್ಟಿಕೊಂಡು ನಿಂತಿದ್ದರು. ಎಳೆಗಳು ಅವರನ್ನು ಬಿಟ್ಟು ದೂರ ತೇಲಿಹೋಗುತ್ತಿದ್ದವು. ನಾನು ಗೋಡೆಯ ಈಚೆ ನಿಂತು ಕಿವಿಗೊಟ್ಟೆ. ಮಾಸ್ಕಿನೊಳಗಿಂದ, ಸಣ್ಣಗೆ, ಗುನುಗು ಬರುತ್ತಿತ್ತು.